ಓದುಗರ ಪ್ರಶ್ನೆ: ಸಿಗ್ನಲ್ ಇದ್ದರೂ ನೆಟ್‌ವರ್ಕ್ ಇಲ್ಲವೇಕೆ?

ಪ್ರಶ್ನೆ: ಮಳೆಗಾಲದಲ್ಲಿ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಹಣ ಪಾವತಿಯಾಗುವುದಿಲ್ಲ, ಅಂಗಡಿಯವರು ‘ನೆಟ್‌ವರ್ಕ್ ಇಲ್ಲ’ ಎನ್ನುತ್ತಾರೆ. ರೈಲು, ವಿದ್ಯುತ್ತು, ಕಳ್ಳಸಾಗಣೆಗೂ ಇದೇ ಪದ ಬಳಕೆಯಲ್ಲಿದೆ. ಇದರ ಸರಿಯಾದ ಅರ್ಥವೇನು?
— ಓದುಗರೊಬ್ಬರು, ಶಿರಸಿ

ಉತ್ತರ: ಅಂಗಡಿಯವರು ಹೇಳುವುದೇ ಸರಿ. ಕಡ್ಡಿಗಳು ತೋರಿಸುವುದು ನಿಮ್ಮ ಮೊಬೈಲಿಗೂ ಹತ್ತಿರದ ಟವರಿಗೂ ನಡುವಣ ರೇಡಿಯೊ ಅಲೆಗಳ ಬಲವನ್ನು ಮಾತ್ರ. ಟವರಿನಿಂದ ಕಂಪನಿಯ ಕೇಂದ್ರಕ್ಕೆ, ಅಲ್ಲಿಂದ ಬ್ಯಾಂಕಿನ ಕಂಪ್ಯೂಟರುಗಳಿಗೆ ಹೋಗಿ ಮರಳುವ ದಾರಿಗಳೆಲ್ಲವೂ ಕೂಡಿದರೆ ನೆಟ್‌ವರ್ಕ್. ಘಟ್ಟದ ರಸ್ತೆಯ ಬದಿಯಲ್ಲಿ ಜೆಸಿಬಿ ಅಗೆಯುವಾಗ ಆಪ್ಟಿಕಲ್ ಫೈಬರ್ (ಬೆಳಕಿನ ರೂಪದಲ್ಲಿ ಮಾಹಿತಿ ಒಯ್ಯುವ ಗಾಜಿನ ಎಳೆ) ತುಂಡಾದರೆ, ಟವರು ಅಲೆಗಳನ್ನು ಹೊಮ್ಮಿಸುತ್ತಲೇ ಇದ್ದರೂ ನಿಮ್ಮ ಪಾವತಿ ಅಲ್ಲಿಂದ ಮುಂದೆ ಸಾಗದಿರಬಹುದು.

‘ನೆಟ್’ ಎಂದರೆ ಬಲೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ನೆಟ್‌ವರ್ಕ್’ ಪದ ಬಲಿಪೀಠದ ಹಿತ್ತಾಳೆ ಜಾಲರಿಯನ್ನು ಸೂಚಿಸುತ್ತದೆ. ಕಾಲುವೆ, ರೈಲುಮಾರ್ಗಗಳಿಗೆ ಅದು ಅನ್ವಯವಾದದ್ದು ಆಮೇಲೆ. ಬಲೆಯಲ್ಲಿ ಒಂದು ಎಳೆ ಹರಿದರೂ ಗಂಟುಗಳು ಬೇರೆ ಎಳೆಗಳಿಂದ ಸೇರಿಕೊಂಡೇ ಇರುತ್ತವೆ. ಪದದ ತಿರುಳು ಇದೇ ಎಂದು ನನ್ನ ಭಾವನೆ. ಕಾರವಾರದ ಮೂಲಕ ಹೋಗುವ ಕೊಂಕಣ ರೈಲುಮಾರ್ಗ ತನ್ನಷ್ಟಕ್ಕೆ ಒಂದು ಗೆರೆ. ಮಡಗಾಂವಿನಲ್ಲಿ ಅದು ಕ್ಯಾಸಲ್‌ರಾಕ್ ಘಟ್ಟವನ್ನೇರಿ ಲೋಂಡಾಕ್ಕೆ ಹೋಗುವ ಮಾರ್ಗವನ್ನು ಕೂಡುವುದರಿಂದ ಜಾಲದ ಭಾಗವಾಗುತ್ತದೆ.

ವಿದ್ಯುತ್ ಜಾಲದ ಕಥೆ ಇನ್ನೂ ಸ್ವಾರಸ್ಯಕರ. ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, ದುರಸ್ತಿಗಾಗಿ ಒಂದನ್ನು ನಿಲ್ಲಿಸಿದರೂ ಬೇರೆಡೆಯ ವಿದ್ಯುತ್ತು ಅದೇ ಜಾಲದಿಂದ ಹರಿದು ಬರುತ್ತದೆ. ಆದರೆ ನೆರವು ಬರುವ ದಾರಿಯಲ್ಲೇ ಆಪತ್ತೂ ಬರಬಲ್ಲದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ ದಕ್ಷಿಣ ಪಾರಾಯಿತು. ಆಗಿನ್ನೂ ನಮ್ಮ ಜಾಲ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ, ಅಂದರೆ ವಿದ್ಯುತ್ತಿನ ಏರಿಳಿತದ ಒಂದೇ ಲಯದಲ್ಲಿ, ಬೆಸೆದುಕೊಂಡಿರಲಿಲ್ಲ. ರಾಯಚೂರು–ಸೊಲ್ಲಾಪುರ ನಡುವಣ 765 ಕಿಲೋವೋಲ್ಟ್ ಮಾರ್ಗದಿಂದ ಆ ಬೆಸುಗೆಯಾದದ್ದು 2013ರ ಡಿಸೆಂಬರ್ 31ರಂದು.

ಕಳ್ಳಸಾಗಣೆಗೆ ಬಳಸುವುದು ಅದೇ ಅರ್ಥದ ವಿಸ್ತರಣೆ: ಒಬ್ಬ ಸಿಕ್ಕಿಬಿದ್ದರೂ ಉಳಿದವರು ವ್ಯವಹಾರ ಮುಂದುವರಿಸುವುದರಿಂದ ‘ಜಾಲ’ ಅಲ್ಲಿಗೆ ಚೆನ್ನಾಗಿಯೇ ಒಪ್ಪುತ್ತದೆ. ರಸ್ತೆ, ರೈಲುಗಳಿಗೂ ‘ಜಾಲ’ ಸಾಕು. ಮೊಬೈಲಿನ ವಿಷಯದಲ್ಲಿ ‘ನೆಟ್‌ವರ್ಕ್’ ಕನ್ನಡದ್ದೇ ಆಗಿಬಿಟ್ಟಿರುವಾಗ ಅದನ್ನು ಬದಲಿಸುವ ಹಟ ಬೇಡ.

ನಿಮ್ಮ ತೊಂದರೆಗೆ ಎರಡನೆಯ ಕಂಪನಿಯ ಸಿಮ್ ಪರಿಹಾರವಾದೀತು, ಆದರೆ ಎರಡೂ ಕಂಪನಿಗಳ ಫೈಬರ್ ಒಂದೇ ಕಂದಕದಲ್ಲಿ ಹೂತಿರದಿದ್ದರೆ ಮಾತ್ರ.