ಒಂದು ಸುರುಳಿ ಹುಳು, ಇನ್ನೊಂದು ಅಕ್ಕಿಕಾಳು: ಎರಡೂ ಬೇರೆ

ಮೀನಿನ ಯಕೃತ್ತಿನ ಮೇಲಿನ ಸುರುಳಿ ಹುಳು ಮತ್ತು ಮಾಂಸದೊಳಗಿನ ಅಕ್ಕಿಕಾಳಿನಂಥ ಬಿಳಿ ಕಾಳು ಒಂದೇನಾ ಎಂದು ಕೇಳಿದ್ದೀರಿ. ನೀವು ಹೇಳಿದ ಲಕ್ಷಣ ನೋಡಿದರೆ ಅಲ್ಲ.

ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು, ಬಿಡಿಸಿದರೆ 2–3 ಸೆಂ.ಮೀ. ಬರುವ ಬಿಳಿ ದುಂಡುಹುಳು ಬಹುತೇಕ ಅನಿಸಾಕಿಸ್ ಗುಂಪಿನ ಮರಿ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ನೀರಿಗೆ ಬಿಡಿ, ಜೀವವಿದ್ದರೆ ಹೊರಳಾಡುತ್ತದೆ. ಕಾಳಿನಂಥದ್ದರ ಪೊರೆಯನ್ನು ಸೂಜಿಯಿಂದ ಮೆಲ್ಲಗೆ ಬಿಡಿಸಿ, ಒಳಗಿನದನ್ನು ಮಸೂರದಲ್ಲಿ ನೋಡಿ. ಮುಳ್ಳುಗಳಿರುವ ನಾಲ್ಕು ಎಳೆಗಳು ಕಂಡರೆ ಅದು ಟ್ರಿಪನೊರಿಂಕ್ ಲಾಡಿಹುಳುವಿನ ಮರಿ. ಇದು ಬೆಳೆದು ದೊಡ್ಡದಾಗುವುದು ಶಾರ್ಕ್, ತೊರಕೆಗಳ ಕರುಳಿನಲ್ಲಿ. ನೋಡಲು ಅಸಹ್ಯವೆನಿಸಿದರೂ ಮನುಷ್ಯರಲ್ಲಿ ನೆಲೆಸುವುದಿಲ್ಲ. ಎಳೆಗಳು ಒಳಗೇ ಮಡಚಿಕೊಂಡಿರಬಹುದು, ಆದ್ದರಿಂದ ಒಂದೇ ಕಾಳು ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ಬಿಡಿಸಿ. ಮೀನಿನ ಅಂಡಾಶಯದಲ್ಲಿ ಕೆಂಪು ದಾರದಂತಿದ್ದರೆ ಅದು ಫಿಲೊಮೆಟ್ರಾ ಎಂಬ ಇನ್ನೊಂದು ದುಂಡುಹುಳು, ಬೇರೆಯೇ ಕಥೆ.

ನಿಜವಾಗಿ ಎಚ್ಚರ ಬೇಕಿರುವುದು ಸುರುಳಿ ಹುಳುವಿನ ಬಗ್ಗೆ. ಮೀನು ಸತ್ತ ಮೇಲೆ ಕರುಳಿನ ಸುತ್ತಲಿನ ಕೆಲವು ಮರಿಗಳು ಹೊಟ್ಟೆಭಾಗದ ಮಾಂಸಕ್ಕೆ ನುಗ್ಗಬಲ್ಲವು, ಹಾಗಾಗಿ ಹಿಡಿದ ಕೂಡಲೇ ಕರುಳು ತೆಗೆಯಿರಿ. ಗಾಜಿನ ಕೆಳಗೆ ದೀಪವಿಟ್ಟು ತೆಳುವಾದ ತುಂಡುಗಳನ್ನು ನೋಡಬಹುದು, ಆದರೆ ಬಣ್ಣದ ಮಾಂಸದಲ್ಲಿ ಆಳದ ಹುಳು ಕಾಣದೇ ಹೋಗುತ್ತದೆ. ನಿಂಬೆರಸ, ವಿನೆಗರ್ ನಂಬಬೇಡಿ. ತುಂಡಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿ. ಹಸಿಯಾಗಿ ತಿನ್ನುವುದಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಿ. ಈ ಹುಳುವಿಗೆ ಅಲರ್ಜಿ ಇರುವವರಿಗೆ ಸತ್ತ ಹುಳುವಿನಿಂದಲೂ ತೊಂದರೆಯಾಗಬಹುದು.

ಗುರುತಿಗೆ ಕಳಿಸುವುದಿದ್ದರೆ ಶೇ. 70ರ ಆಲ್ಕೋಹಾಲಿನಲ್ಲಿ ಹಾಕಿ, ಮೀನಿನ ಜಾತಿ ಮತ್ತು ಹುಳು ಸಿಕ್ಕ ಅಂಗ ಬರೆದಿಡಿ.