ಫ್ರಾಂಕ್‌ಫರ್ಟ್‌ಗೆ ಹೊಸದಾಗಿ ಬಂದವರೇ, ಆ ಗೆಲುವನ್ನು ‘ಲಕ್’ ಎನ್ನಬೇಡಿ

ಫ್ರಾಂಕ್‌ಫರ್ಟ್‌ಗೆ ಕೆಲಸಕ್ಕೆ ಬಂದು ಸ್ವಲ್ಪ ದಿನವಾಯಿತು, ಆಫೀಸಿನಲ್ಲಿ ಶುಕ್ರವಾರ ಬೆಳಿಗ್ಗೆ ಕಾಫಿ ಮೆಷಿನ್ ಹತ್ತಿರ ಇಲ್ಲಿನ ಫುಟ್‌ಬಾಲ್ ಕ್ಲಬ್ ಐನ್‌ಟ್ರಾಕ್ಟ್ ಬಿಟ್ಟರೆ ಬೇರೆ ಮಾತೇ ಇಲ್ಲ ಅಂತ ಬರೆದಿದ್ದೀರಿ. ಯುರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ನ 2022ರ ಫೈನಲ್‌ ರೆಕಾರ್ಡಿಂಗ್ ನೋಡಿ, ‘ಜರ್ಮನ್ ಲೀಗಿನಲ್ಲಿ 11ನೇ ಸ್ಥಾನದ ತಂಡ, ಪೆನಾಲ್ಟಿಯಲ್ಲಿ ಹೇಗೋ ಗೆದ್ದಿದೆ, ಲಕ್ ಅಷ್ಟೆ, ಇಷ್ಟೊಂದು ಸಂಭ್ರಮ ಯಾಕೆ?’ ಅಂತ ಕೇಳಿದ್ದೀರಿ. ಸ್ಟೇಡಿಯಮ್‌ಗೆ ಹೋಗುವುದು ಹೇಗೆ, ನಮ್ಮಂಥವರನ್ನು ಅಲ್ಲಿ ಹೇಗೆ ನೋಡುತ್ತಾರೆ ಎಂಬ ಇನ್ನೆರಡು ಪ್ರಶ್ನೆಗಳೂ ಇವೆ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು, ಅಲ್ಲಿಂದಲೇ ಶುರು ಮಾಡುತ್ತೇನೆ.

ಫೈನಲ್ ನಡೆದದ್ದು 2022ರ ಮೇ 18ರಂದು, ಸ್ಪೇನಿನ ಸೆವಿಲ್ಲಾದಲ್ಲಿ, ಸ್ಕಾಟ್ಲೆಂಡಿನ ರೇಂಜರ್ಸ್ ಎದುರು. ಅದನ್ನೊಂದನ್ನೇ ನೋಡಿದರೆ ನಿಮಗೆ ಅನಿಸಿದ್ದೇ ಯಾರಿಗಾದರೂ ಅನಿಸುತ್ತದೆ. ಆದರೆ ಆ ಸಲದ ಓಟವನ್ನು ಮೊದಲಿಂದ ನೋಡಿ. ಮೊದಲ ಹಂತದ ಗುಂಪಿನಲ್ಲಿ ಫೆನರ್‌ಬಾಚೆ, ಒಲಿಂಪಿಯಾಕೋಸ್, ಆಂಟ್ವರ್ಪ್. ಆರು ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಡ್ರಾ. ಆಂಟ್ವರ್ಪ್‌ನಲ್ಲಿ ಗೆದ್ದ ಗೋಲೂ ಒಲಿಂಪಿಯಾಕೋಸ್ ಊರಿನಲ್ಲಿ ಗೆದ್ದ ಗೋಲೂ ತೊಂಬತ್ತು ನಿಮಿಷ ದಾಟಿದ ಮೇಲೆ ಬಂದವು. ಆಂಟ್ವರ್ಪ್ ಇಲ್ಲಿಗೆ ಬಂದಾಗ 2-2 ಆಗಿದ್ದೂ ಹಾಗೆಯೇ, ಹೆಚ್ಚುವರಿ ನಿಮಿಷಗಳಲ್ಲಿ. ಮುಂದೆ ಸ್ಪೇನಿನ ಬೆಟಿಸ್, ಒಂದು ಪಂದ್ಯ ಅವರ ನೆಲದಲ್ಲಿ, ಒಂದು ಇಲ್ಲಿ, ಎರಡರ ಗೋಲುಗಳನ್ನು ಕೂಡಿಸಿ ತೀರ್ಮಾನ. ಅವರ ನೆಲದಲ್ಲಿ 2-1 ಗೆದ್ದು ಬಂದಿದ್ದರು. ಇಲ್ಲಿ 90ನೇ ನಿಮಿಷದಲ್ಲಿ ಬೆಟಿಸ್ ಗೋಲು ಹೊಡೆದು ಒಟ್ಟು ಲೆಕ್ಕ ಸಮ ಮಾಡಿತು. ಆಮೇಲಿನ ಅರ್ಧ ಗಂಟೆ ಪೂರ್ತಿ ಮುಗಿದು, ಪೆನಾಲ್ಟಿಗೆ ಎಲ್ಲರೂ ಮನಸ್ಸು ಗಟ್ಟಿಮಾಡಿಕೊಂಡ ಹೊತ್ತಿಗೆ ಐನ್‌ಟ್ರಾಕ್ಟ್‌ನ ಒಂದು ಫ್ರೀಕಿಕ್ ಗೋಲಿನ ಮುಂದಿದ್ದವರಲ್ಲಿ ಯಾರಿಗೋ ತಾಗಿ ಬಲೆಗೆ ಹೋಯಿತು.

ಬಾರ್ಸಿಲೋನಾ ಎದುರಿನ ಪಂದ್ಯ ನೀವೂ ಕೇಳಿರುತ್ತೀರಿ. ಇಲ್ಲಿ 1-1, ಅಲ್ಲಿ ಏಪ್ರಿಲ್ 14ರಂದು 3-2. ಅತಿಥಿಗಳಿಗೆ ಕೊಟ್ಟ ಟಿಕೆಟ್ 5,000. ಬಾರ್ಸಿಲೋನಾದ ಸ್ಟೇಡಿಯಮ್ ಕಾಂಪ್ ನೋ ಒಳಗೆ ಬಿಳಿ ಬಟ್ಟೆ ತೊಟ್ಟು ಕೂತಿದ್ದ ಫ್ರಾಂಕ್‌ಫರ್ಟ್ ಜನ ಸುಮಾರು 30,000. ಮೂರು ಗೋಲಿನ ಮುನ್ನಡೆ ಇದ್ದಾಗಲೂ ಅದು ಆರಾಮದ ಗೆಲುವಾಗಲಿಲ್ಲ. ತೊಂಬತ್ತು ನಿಮಿಷ ಕಳೆದ ಮೇಲೆ ಬಾರ್ಸಿಲೋನಾದ ಬುಸ್ಕೆಟ್ಸ್ ಒಂದು ಹೊಡೆದ, ಇನ್ನೂ ಹತ್ತು ನಿಮಿಷ ಕಳೆದು ಪೆನಾಲ್ಟಿಯಲ್ಲಿ ಎರಡನೆಯದು. ಇನ್ನೆರಡು ನಿಮಿಷ ಸಿಕ್ಕಿದ್ದರೆ ಏನಾಗುತ್ತಿತ್ತೋ ಎನ್ನುವ ಹಾಗೆ ಮುಗಿಯಿತು. ಸೆಮಿಫೈನಲ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ 2-1, 1-0. ಇಡೀ ಓಟದಲ್ಲಿ ಒಂದೂ ಸೋಲಿಲ್ಲ, ನೆಮ್ಮದಿಯಿಂದ ಕೂತು ನೋಡಬಹುದಾದ ಪಂದ್ಯವೂ ಹೆಚ್ಚಿಲ್ಲ.

ಈಗ ಸೆವಿಲ್ಲಾಕ್ಕೆ ಬನ್ನಿ. ತಂಡ ಯಾಕೆ ತಡವರಿಸಿತು ಎಂಬುದಕ್ಕೆ ಕಾರಣಗಳಿವೆ. ಕೋಚ್ ಒಲಿವರ್ ಗ್ಲಾಸ್ನರ್ ಹಿಂದೆ ಮೂವರನ್ನು ನಿಲ್ಲಿಸಿ, ಎರಡೂ ಬದಿಯಲ್ಲಿ ಕೋಸ್ಟಿಚ್ ಮತ್ತು ಕ್ನೌಫ್‌ರನ್ನು ಇಡೀ ಉದ್ದಕ್ಕೆ ಓಡಿಸುವ ಆಟ ಆಡಿಸುತ್ತಿದ್ದರು. ಆ ಮೂವರಲ್ಲಿ ನಡುವಿನ ಹಿಂಟೆರೆಗ್ಗರ್ ಸೆಮಿಫೈನಲ್‌ನಲ್ಲೇ ಗಾಯವಾಗಿ ಫೈನಲ್‌ಗೆ ಇರಲಿಲ್ಲ. ಆತನ ಜಾಗಕ್ಕೆ ಟೂಟಾ ಬಂದಿದ್ದ. ಮೇ ತಿಂಗಳ ಆಂಡಲೂಸಿಯಾ ಸೆಖೆ, ರಾತ್ರಿ ಒಂಬತ್ತಕ್ಕೂ ಇಳಿದಿರಲಿಲ್ಲ. 57ನೇ ನಿಮಿಷದಲ್ಲಿ ಐನ್‌ಟ್ರಾಕ್ಟ್‌ನ ಆಟಗಾರ ಸೋ ತಲೆಯಿಂದ ಹೊಡೆದ ಚೆಂಡು ತಪ್ಪಿ ತನ್ನದೇ ಗೋಲಿನ ಕಡೆಗೆ ಹೋಯಿತು. ಹಿಂದೆ ಓಡಿದ ಟೂಟಾ ಕಾಲು ಜಾರಿ ಬಿದ್ದ. ರೇಂಜರ್ಸ್‌ನ ಅರಿಬೋ ಒಬ್ಬನೇ ಹೋಗಿ ಗೋಲು ಹೊಡೆದ. ಹಿಂದಿನ ಸಾಲಿನಲ್ಲಿ ಮೂರೇ ಜನ ಇರುವಾಗ ನಡುವಿನವನು ಬಿದ್ದರೆ ಮುಚ್ಚಲು ಮತ್ತೊಬ್ಬನಿರುವುದಿಲ್ಲ, ಆ ವ್ಯವಸ್ಥೆಯ ಅಪಾಯವೇ ಅದು.

ಆಮೇಲೆ ಏನು ಮಾಡಿದರು ನೋಡಿ. ಟೂಟಾನನ್ನು ಕರೆಸಿ ಜಪಾನಿನ 38 ವರ್ಷದ ಮಕೋತೋ ಹಸೆಬೆಯನ್ನು ಇಳಿಸಿದರು. ಓಟ ಕಡಿಮೆ, ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದ ಮನುಷ್ಯ. ಹಿಂದಿನ ಸಾಲು ಸಮಾಧಾನಕ್ಕೆ ಬಂತು. 69ನೇ ನಿಮಿಷದಲ್ಲಿ ಎಡಗಡೆಯಿಂದ ಕೋಸ್ಟಿಚ್ ನೆಲಕ್ಕೆ ಹತ್ತಿರವಾಗಿ ಎಳೆದ ಚೆಂಡಿಗೆ ಬೋರೆ ಇಬ್ಬರು ಡಿಫೆಂಡರ್‌ಗಳ ನಡುವೆ ನುಗ್ಗಿ ಕಾಲು ತಾಗಿಸಿದ. ಆ ಗೋಲನ್ನು ನಿಧಾನ ಮಾಡಿ ನೋಡಿ. ಚೆಂಡು ಕೋಸ್ಟಿಚ್ ಕಾಲಿನಿಂದ ಹೊರಡುವ ಮೊದಲೇ ಬೋರೆ ಓಟ ಶುರು ಮಾಡಿದ್ದಾನೆ. ಕ್ಯಾಪ್ಟನ್ ರೋಡೆಯ ತಲೆಗೆ ಆಟದ ಆರಂಭದಲ್ಲೇ ಎದುರಾಳಿಯ ಬೂಟು ತಾಗಿ ರಕ್ತ ಸುರಿದಿತ್ತು. ಬ್ಯಾಂಡೇಜು ಸುತ್ತಿಸಿಕೊಂಡು ತೊಂಬತ್ತು ನಿಮಿಷ ಆಡಿದ.

1-1 ಆಗಿ ಆಟ ಹೆಚ್ಚುವರಿ ಅರ್ಧ ಗಂಟೆಗೆ ಹೋಯಿತು, 118ನೇ ನಿಮಿಷ ಬಂತು. ರೇಂಜರ್ಸ್‌ನ ರೂಫ್ ಗೋಲಿನ ಮುಂದಕ್ಕೆ ಕಳಿಸಿದ ಚೆಂಡು, ಕೆಂಟ್‌ನ ಮುಂದೆ ಕೆಲವೇ ಹೆಜ್ಜೆ ದೂರದಲ್ಲಿ ಗೋಲು, ಮಧ್ಯೆ ಗೋಲ್‌ಕೀಪರ್ ಕೆವಿನ್ ಟ್ರಾಪ್ ಒಬ್ಬನೇ. ಟ್ರಾಪ್ ಮುಂದಕ್ಕೆ ಬಂದು, ಕೈಕಾಲು ಅಗಲಿಸಿ, ಕಾಲಿನಿಂದ ತಡೆದ. ಮರಳಿ ಬಂದ ಚೆಂಡು ಮತ್ತೆ ರೇಂಜರ್ಸ್‌ಗೇ ಸಿಕ್ಕಿ ಬಾರ್ ಮೇಲಿಂದ ಹೋಯಿತು. ಇಂಥದ್ದನ್ನು ಅಭ್ಯಾಸದಲ್ಲಿ ದಿನವೂ ಮಾಡುತ್ತಾರೆ. ಕೀಪರ್ ಹಾರುವುದಿಲ್ಲ, ಹೊಡೆಯುವವನ ಎದುರಿನ ಕೋನ ಕಿರಿದಾಗುವಂತೆ ಮೈ ಹರಡಿ ಕಾಯುತ್ತಾನೆ. ಅದನ್ನು ಅದೃಷ್ಟ ಎಂದರೆ ಆ ಕೆಲಸಕ್ಕೆ ಅವಮಾನ.

ಪೆನಾಲ್ಟಿಗಳಲ್ಲಿ ಐನ್‌ಟ್ರಾಕ್ಟ್ ಪರವಾಗಿ ಲೆನ್ಝ್, ಹ್ರುಸ್ಟಿಚ್, ಕಮಾಡಾ, ಕೋಸ್ಟಿಚ್, ಬೋರೆ, ಐವರೂ ಗೋಲು ಹೊಡೆದರು. ಮೊದಲ ಇಬ್ಬರು ಬದಲಿಯಾಗಿ ಇಳಿದವರು. ರೇಂಜರ್ಸ್‌ನ ನಾಲ್ಕನೆಯವನಾಗಿ ಬಂದ ರಾಮ್ಸಿ ನೇರ ನಡುವಿಗೆ ಹೊಡೆದ. ಒಂದು ಬದಿಗೆ ಹಾರಿದ್ದ ಟ್ರಾಪ್ ಹಿಂದೆ ಉಳಿದಿದ್ದ ಕಾಲಿನಿಂದಲೇ ಅದನ್ನು ತಡೆದ. 5-4. ಲೀಗಿನಲ್ಲಿ ಕೊನೆಯ ವಾರಗಳೆಲ್ಲ ಗೆಲುವಿಲ್ಲದೆ 11ನೇ ಸ್ಥಾನಕ್ಕೆ ಇಳಿದಿದ್ದ ತಂಡ ಈ ಒಂದು ರಾತ್ರಿಯಿಂದ ಮುಂದಿನ ಸಲದ ಯುರೋಪಿನ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಹೋಯಿತು.

ಊರಿನ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. 1960ರಲ್ಲಿ ಇದೇ ರೇಂಜರ್ಸ್‌ಗೆ ಎರಡು ಪಂದ್ಯಗಳಲ್ಲಿ 6-1, 6-3ರಂತೆ ಹೊಡೆದು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ ಮುಟ್ಟಿ, ಅಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 7-3ರಿಂದ ಸೋತಿದ್ದರು. 1980ರ ಯುಇಎಫ್‌ಎ ಕಪ್ (ಈಗಿನ ಯುರೋಪಾ ಲೀಗ್) ಗೆದ್ದದ್ದೂ ಕೂದಲೆಳೆಯ ಅಂತರದಲ್ಲಿ. ಜರ್ಮನಿಯದೇ ತಂಡ ಗ್ಲಾಡ್‌ಬಾಖ್ ಎದುರು ಅವರ ನೆಲದಲ್ಲಿ 3-2ರಿಂದ ಸೋತು, ಇಲ್ಲಿ ಬದಲಿಯಾಗಿ ಇಳಿದ ಫ್ರೆಡ್ ಶೌಬ್ 81ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲಿನಿಂದ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಕಪ್ ಸಿಕ್ಕಿತು. ಅಲ್ಲಿಂದ 42 ವರ್ಷ ಕಾದ ಜನ ಇವರು. ಫೈನಲ್‌ನ ಮರುದಿನ ಸೆವಿಲ್ಲಾದಿಂದ ಕಪ್ ತಂದಾಗ ಊರ ನಡುವಿನ ರೋಮರ್ ಚೌಕ ಯಾಕೆ ಉಕ್ಕಿ ಹರಿಯಿತು ಎಂದು ಈಗ ಹೇಳಬೇಕಾಗಿಲ್ಲ.

ಈಗಿನ ಪಂದ್ಯಗಳನ್ನು ಓದಲು ಒಂದೆರಡು ನಿಯಮ ಗೊತ್ತಿರಲಿ. ಎದುರಾಳಿಯ ನೆಲದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ನಿಯಮ 2021ರಲ್ಲಿ ಹೋಯಿತು. ಎರಡು ಪಂದ್ಯಗಳ ಒಟ್ಟು ಸಮವಾದರೆ ಸೀದಾ ಇನ್ನರ್ಧ ಗಂಟೆ, ಆಮೇಲೆ ಪೆನಾಲ್ಟಿ. 2024-25ರಿಂದ ಚಿಕ್ಕ ಗುಂಪುಗಳೂ ಇಲ್ಲ. 36 ತಂಡಗಳಿಗೆ ಒಂದೇ ಪಟ್ಟಿ, ತಲಾ ಎಂಟು ಪಂದ್ಯ. ಮೊದಲ ಎಂಟು ತಂಡ ನೇರವಾಗಿ ಮುಂದಕ್ಕೆ, 9ರಿಂದ 24ರವರೆಗಿನವರು ಇನ್ನೊಂದು ಸುತ್ತು ಆಡಬೇಕು. ಪಟ್ಟಿ ಉದ್ದವಾದಷ್ಟೂ ಅಂಕ ಸಮವಾಗುವ ತಂಡಗಳು ಹೆಚ್ಚು, ಆಗ ಗೋಲುಗಳ ವ್ಯತ್ಯಾಸವೇ ಸ್ಥಾನ ನಿರ್ಧರಿಸುತ್ತದೆ. ಹಾಗಾಗಿ 3-0 ಇದ್ದದ್ದು 3-2ಕ್ಕೆ ಮುಗಿದಾಗ ನಿಮ್ಮ ಸಹೋದ್ಯೋಗಿ ಗೆದ್ದ ಮರುದಿನವೂ ಮುಖ ಸಪ್ಪಗೆ ಮಾಡಿಕೊಂಡಿದ್ದರೆ, ಅವರ ತಲೆಯಲ್ಲಿ ಕಳೆದುಹೋದ ಆ ಎರಡು ಗೋಲುಗಳ ಲೆಕ್ಕ ಓಡುತ್ತಿದೆ ಎಂದು ತಿಳಿಯಿರಿ.

ಟಿಕೆಟ್ ವಿಷಯ. ಯುರೋಪಿಯನ್ ಪಂದ್ಯದ ಟಿಕೆಟ್ ಸಾರ್ವಜನಿಕ ಮಾರಾಟದಲ್ಲಿ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಸೀಸನ್ ಟಿಕೆಟ್‌ನವರಿಗೆ, ನಂತರ ಕ್ಲಬ್ ಸದಸ್ಯರಿಗೆ ಆದ್ಯತೆ. ಆದ್ದರಿಂದ ಮೊದಲು ಸದಸ್ಯರಾಗಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಕ್ಲಬ್ಬಿನ ಆ್ಯಪ್ ಮೈನ್‌ಅಕ್ವಿಲಾ ಹಾಕಿಕೊಂಡು ಟಿಕೆಟ್ ಖಾತೆ ತೆರೆಯಿರಿ. ಸದಸ್ಯರ ಮಾರಾಟ ಶುರುವಾಗುವ ದಿನ ಮತ್ತು ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಪಾವತಿಯ ವಿವರ ಮುಂಚೆಯೇ ಸೇರಿಸಿಡಿ. ಅಲ್ಲಿ ಸಿಗದಿದ್ದರೆ ಕ್ಲಬ್ಬೇ ನಡೆಸುವ ಮರುಮಾರಾಟವನ್ನು ಪಂದ್ಯದ ವಾರದಲ್ಲಿ ಪದೇ ಪದೇ ನೋಡುತ್ತಿರಿ. ಹೋಗಲಾಗದವರು ಕೊನೆಯ ಎರಡು ದಿನಗಳಲ್ಲಿ ಬಿಡುತ್ತಾರೆ, ಜೊತೆಗಿಂತ ಒಂಟಿ ಸೀಟು ಬೇಗ ಸಿಗುತ್ತದೆ. ಬೇರೆ ಜಾಲತಾಣಗಳಲ್ಲಿ, ಸ್ಟೇಡಿಯಮ್ ದಾರಿಯಲ್ಲಿ ಮಾರುವವರ ಹತ್ತಿರ ಕೊಳ್ಳಬೇಡಿ. ಒಂದೇ ಬಾರ್‌ಕೋಡ್ ನಾಲ್ಕು ಜನಕ್ಕೆ ಮಾರಿದ್ದರೆ ಗೇಟಿನಲ್ಲಿ ಮೊದಲು ಬಂದವನಷ್ಟೇ ಒಳಗೆ ಹೋಗುತ್ತಾನೆ, ಮೇಲಾಗಿ ಅಂಥ ಟಿಕೆಟನ್ನು ಕ್ಲಬ್ ರದ್ದು ಮಾಡಬಹುದು.

ಮೊದಲ ಸಲಕ್ಕೆ ಯುರೋಪಿಯನ್ ರಾತ್ರಿಯೇ ಬೇಕೆಂದು ಹಟ ಹಿಡಿಯಬೇಡಿ. ಬಾಯರ್ನ್, ಡಾರ್ಟ್‌ಮಂಡ್ ಬಿಟ್ಟು ಔಗ್ಸ್‌ಬುರ್ಗ್, ಹಾಫೆನ್‌ಹೈಮ್‌ನಂಥ ತಂಡ ಬರುವಾಗ ಲೀಗ್ ಪಂದ್ಯಕ್ಕೆ ಪ್ರಯತ್ನಿಸಿ. ಮೈದಾನದ ಉದ್ದದ ಬದಿಯ ಸೀಟು ತೆಗೆದುಕೊಳ್ಳಿ. ವಾಯವ್ಯ ಮೂಲೆಯ ನಾರ್ಡ್‌ವೆಸ್ಟ್‌ಕುರ್ವೆ ಕಡೆ ಅಲ್ಟ್ರಾಗಳ, ಅಂದರೆ ಕಟ್ಟಾ ಅಭಿಮಾನಿಗಳ ಜಾಗ. ಅಲ್ಲಿ ತೊಂಬತ್ತು ನಿಮಿಷ ನಿಂತು ಹಾಡಬೇಕು, ಬಾವುಟಗಳ ನಡುವೆ ಆಟ ಪೂರ್ತಿ ಕಾಣುವುದೂ ಇಲ್ಲ. ಫೋನ್ ಎತ್ತಿ ವಿಡಿಯೋ ಮಾಡುತ್ತ ನಿಂತರೆ ಸಿಡುಕುತ್ತಾರೆ. ಒಂದೆರಡು ಪಂದ್ಯ ನೋಡಿದ ಮೇಲೆ ಅಲ್ಲಿಗೆ ಹೋಗಿ, ಆಗ ಅದರ ರುಚಿ ಗೊತ್ತಾಗುತ್ತದೆ.

ಸ್ಟೇಡಿಯಮ್‌ನ ಈಗಿನ ಹೆಸರು ಡಾಯ್ಚ ಬ್ಯಾಂಕ್ ಪಾರ್ಕ್, ಜನ ಕರೆಯುವುದು ವಾಲ್ಡ್‌ಸ್ಟಾಡಿಯೋನ್ ಎಂದೇ. ಎಸ್7, ಎಸ್8, ಎಸ್9 ರೈಲು ‘ಸ್ಟಾಡಿಯೋನ್’ ನಿಲ್ದಾಣದಲ್ಲಿ ನಿಲ್ಲುತ್ತವೆ, ಅಲ್ಲಿಂದ ಮರಗಳ ನಡುವೆ ಹತ್ತು-ಹದಿನೈದು ನಿಮಿಷದ ನಡಿಗೆ. ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿದರೆ ತಪಾಸಣೆ ಸಾಲು ಚಿಕ್ಕದು. ಆಫೀಸಿನಿಂದ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಸೀದಾ ಬರಬೇಡಿ, ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಹೊಸಬರು ಗೇಟಿನಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಟಿಕೆಟ್ ಫೋನಿನಲ್ಲಿರುವುದರಿಂದ ಚಾರ್ಜ್ ತುಂಬಿಸಿಕೊಂಡು ಬನ್ನಿ. ನವೆಂಬರಿನಿಂದ ಮಾರ್ಚ್‌ವರೆಗೆ ಚಳಿ ಏರುವುದು ಕಾಂಕ್ರೀಟಿನಿಂದ, ಕಾಲಿಗೆ. ಜಾಕೆಟ್ ಎಷ್ಟೇ ದಪ್ಪ ಇದ್ದರೂ ತೆಳು ಸಾಕ್ಸ್ ಹಾಕಿದ್ದರೆ ಮಧ್ಯಂತರದ ಹೊತ್ತಿಗೆ ಬೆರಳು ಮರಗಟ್ಟುತ್ತವೆ. ಉಣ್ಣೆಯ ಸಾಕ್ಸ್, ದಪ್ಪ ಅಟ್ಟೆಯ ಬೂಟು ಬೇಕು.

ಊಟದಲ್ಲಿ ಎಚ್ಚರ: ಸಾಸೇಜುಗಳಲ್ಲಿ ರಿಂಡ್ಸ್‌ವುರ್ಸ್ಟ್ ದನದ ಮಾಂಸ, ಬ್ರಾಟ್‌ವುರ್ಸ್ಟ್ ಸಾಮಾನ್ಯವಾಗಿ ಹಂದಿಯದು. ಸಸ್ಯಾಹಾರಿಗಳಿಗೆ ಬ್ರೆಟ್ಸೆಲ್, ಫ್ರೈಸ್. ಕಾರ್ಡ್ ಇಟ್ಟುಕೊಳ್ಳಿ. ಲೋಟಕ್ಕೆ ಕೊಟ್ಟ ಠೇವಣಿ ಹಿಂದಿರುಗಿಸಿದಾಗ ಸಿಗುತ್ತದೆ.

‘ನಮ್ಮಂಥವರನ್ನು ಹೇಗೆ ನೋಡುತ್ತಾರೆ’ ಎಂದು ಕೇಳಿದಿರಿ. ಎಲ್ಲ ದೊಡ್ಡ ಜನಸಂದಣಿಯಲ್ಲೂ ಕುಡಿದು ಬಾಯಿಹರಕ ಮಾತಾಡುವವರು ಇದ್ದೇ ಇರುತ್ತಾರೆ, ಇಲ್ಲೂ ಇದ್ದಾರೆ. ಆದರೆ ಈ ಕ್ಲಬ್ ಎಲ್ಲಿ ನಿಂತಿದೆ ಎಂಬುದರಲ್ಲಿ ಅನುಮಾನವಿಲ್ಲ. 1980ರ ಕಪ್ ಗೆದ್ದ ತಂಡದ ತಾರೆ ಕೊರಿಯಾದ ಚಾ ಬುಮ್-ಕುನ್. ಹಸೆಬೆಯನ್ನು ಈ ಊರು ತಲೆಯ ಮೇಲೆ ಹೊತ್ತುಕೊಂಡಿದೆ. ಘಾನಾದಿಂದ ಬಂದು ತೊಂಬತ್ತರ ದಶಕದಲ್ಲಿ ಇಲ್ಲಿ ಗೋಲು ಸುರಿಸಿದ ಆಂಟನಿ ಯೆಬೋವಾನ ದೊಡ್ಡ ಚಿತ್ರ ನೀಡರ್‌ರಾಡ್ ಬಡಾವಣೆಯ ಮನೆಯೊಂದರ ಗೋಡೆಯ ಮೇಲಿದೆ. ಜನಾಂಗದ್ವೇಷದ ಕೂಗುಗಳಿಗೆ ಅಂದು ಕಪ್ಪು ಆಟಗಾರರು ಕೊಟ್ಟ ಉತ್ತರದ ಸಾಲೂ ಅದರ ಜೊತೆಗೇ ಇದೆ. ಬಲಪಂಥದ ಪಕ್ಷ ಎಎಫ್‌ಡಿಗೆ ಮತ ಹಾಕುವವರು ನಮ್ಮ ಸದಸ್ಯರಾಗಲಾರರು ಎಂದು ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ ಪೀಟರ್ ಫಿಷರ್ ಬಹಿರಂಗವಾಗಿ ಹೇಳಿದ್ದರು. ಪಕ್ಕದ ಸೀಟಿನವರಿಗೆ ನಿಮ್ಮ ಜರ್ಮನ್ ಸರಿಯಿದೆಯೋ ಇಲ್ಲವೋ ಬೇಕಿಲ್ಲ. ಗೋಲಾದಾಗ ಮೈಕಿನಲ್ಲಿ ಆಟಗಾರನ ಮೊದಲ ಹೆಸರು ಬರುತ್ತದೆ, ಮನೆತನದ ಹೆಸರನ್ನು ಇಡೀ ಸ್ಟೇಡಿಯಮ್ ಕೂಗಬೇಕು. ಅಂಥ ಹನ್ನೊಂದು ಹೆಸರು ಬಾಯಿಪಾಠ ಮಾಡಿಕೊಂಡು ಹೋಗಿ, ಸಾಕು.

ಮನೆಯವರೂ ಮಕ್ಕಳೂ ಜೊತೆಗಿದ್ದರೆ ಹೆಂಗಸರ ತಂಡದ ಪಂದ್ಯಕ್ಕೆ ಹೋಗಿ. 2020ರಲ್ಲಿ ಐನ್‌ಟ್ರಾಕ್ಟ್ ಜೊತೆ ಸೇರಿದ ಹೆಂಗಸರ ಕ್ಲಬ್ 1. ಎಫ್‌ಎಫ್‌ಸಿ ಫ್ರಾಂಕ್‌ಫರ್ಟ್ 2002, 2006, 2008, 2015ರಲ್ಲಿ ಯುರೋಪಿನ ಚಾಂಪಿಯನ್. ಆಟ ರೋಡೆಲ್‌ಹೈಮ್ ಬಳಿಯ ಬ್ರೆಂಟಾನೋಬಾಡ್ ಮೈದಾನದಲ್ಲಿ, ಟಿಕೆಟ್ ಸುಲಭ, ಆಟಗಾರ್ತಿಯರು ಕೈಗೆಟುಕುವಷ್ಟು ಹತ್ತಿರ.

ಯುರೋಪಾ ಲೀಗ್ ರಾತ್ರಿ ಎಂದರೆ ಸಾಮಾನ್ಯವಾಗಿ ಗುರುವಾರ, 18:45ಕ್ಕೆ ಅಥವಾ 21:00ಕ್ಕೆ. ಒಂಬತ್ತರ ಪಂದ್ಯ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ, ಪೆನಾಲ್ಟಿವರೆಗೆ ಹೋದರೆ ಮಧ್ಯರಾತ್ರಿ ಹತ್ತಿರ. ಎಲ್ಲರೂ ಒಟ್ಟಿಗೆ ‘ಸ್ಟಾಡಿಯೋನ್’ ನಿಲ್ದಾಣಕ್ಕೆ ನುಗ್ಗುವುದರಿಂದ ಪೊಲೀಸರು ಜನರನ್ನು ತಂಡತಂಡವಾಗಿ ಬಿಡುತ್ತಾರೆ. ಅರ್ಧ ಗಂಟೆ ಒಳಗೇ ಕೂತು ಹೊರಡಿ, ಇಲ್ಲವೇ ನೀಡರ್‌ರಾಡ್ ನಿಲ್ದಾಣದವರೆಗೆ ಸುಮಾರು ಅರ್ಧ ಗಂಟೆ ನಡೆದು ಅಲ್ಲಿ ರೈಲು ಹತ್ತಿ. ನಿಮ್ಮ ಊರಿನ ಕಡೆಗೆ ಆ ಹೊತ್ತಿನಲ್ಲಿ ಎಷ್ಟಕ್ಕೊಂದು ರೈಲು, ಕೊನೆಯದು ಯಾವಾಗ ಎಂದು ಮನೆ ಬಿಡುವ ಮೊದಲೇ ನೋಡಿಟ್ಟುಕೊಳ್ಳಿ. ಗೆದ್ದ ಖುಷಿಯಲ್ಲಿ ಬೆಂಗಳೂರಿಗೆ ಫೋನ್ ಹಚ್ಚುವ ಮುನ್ನ ಗಡಿಯಾರ ನೋಡಿ, ಇಲ್ಲಿ ರಾತ್ರಿ ಹನ್ನೊಂದಾದಾಗ ಅಲ್ಲಿ ಚಳಿಗಾಲದಲ್ಲಿ ಬೆಳಗಿನ ಜಾವ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ.