ಕಾಫಿ ಲೋಟ ಹಿಡಿದರೆ ಕೈ ಜೇಬಿಗೆ ಹೋಗುತ್ತದೆ

ಪ್ರಶ್ನೆ: ನನಗೆ 43 ವರ್ಷ. ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. 20 ವರ್ಷದಿಂದ ದಿನಕ್ಕೆ 15 ಸಿಗರೇಟು ಸೇದುತ್ತಿದ್ದೆ. ಬಿಟ್ಟು ಇವತ್ತಿಗೆ 9 ದಿನ. ಬೆಳಗ್ಗೆ ಬೆಲ್ಲದ ಕಾಫಿ ಹಿಡಿದು ಜಗಲಿಯಲ್ಲಿ ಕೂತರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಸಿಗರೇಟಿನ ಬದಲು ಅಂತ ದಿನಕ್ಕೆ 7–8 ಕಾಫಿ ಕುಡಿಯುತ್ತಿದ್ದೇನೆ. ನಿದ್ದೆ ಇಲ್ಲ, ಎದೆ ಢವಢವ. ಹೆಂಡತಿ ಮೇಲೆ ಸುಮ್ನೆ ರೇಗುತ್ತೇನೆ. ಮಳೆ ಬೇರೆ ಬಿಡುತ್ತಿಲ್ಲ. ಇನ್ನೆಷ್ಟು ದಿನ ಹೀಗೆ?

ಉತ್ತರ: ಮೊದಲು ಆ ಕಾಫಿ ವಿಚಾರ. ಸಿಗರೇಟಿನ ಹೊಗೆಯಲ್ಲಿರುವ ಟಾರು ನಿಮ್ಮ ಲಿವರನ್ನು ಓಡಿಸುತ್ತಾ ಇತ್ತು. ಹಾಗಾಗಿ ಕುಡಿದ ಕೆಫೀನ್ ಬೇಗ ಕರಗಿಹೋಗುತ್ತಿತ್ತು. ಸಿಗರೇಟು ನಿಂತ ಕೆಲವೇ ದಿನಕ್ಕೆ ಲಿವರ್ ತನ್ನ ಮಾಮೂಲಿ ನಡಿಗೆಗೆ ಬರುತ್ತದೆ. ಆಮೇಲೆ ಅದೇ ಒಂದು ಲೋಟ ಹೆಚ್ಚುಕಡಿಮೆ ಎರಡು ಲೋಟದ ಕೆಲಸ ಮಾಡುತ್ತದೆ. ನೀವು ನೋಡಿದರೆ ಲೋಟವನ್ನೂ ಜಾಸ್ತಿ ಮಾಡಿದ್ದೀರಿ! ನಿದ್ದೆ ಹೋದದ್ದರಲ್ಲಿ, ರೇಗಾಟದಲ್ಲಿ ಕಾಫಿಯ ಪಾಲು ಸಣ್ಣದಲ್ಲ. ಮೊದಲು ಕುಡಿಯುತ್ತಿದ್ದುದರ ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಕೊಡಗಿನವರಿಗೆ ಈ ಮಾತು ಹೇಳಿ ನಾನು ಬೈಸಿಕೊಂಡಿದ್ದೇನೆ, ಆದರೂ ಹೇಳುತ್ತೇನೆ. ಢವಢವದ ಜೊತೆ ಎದೆನೋವು, ಏದುಸಿರು ಇದ್ದರೆ ಮಾತ್ರ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಎಷ್ಟು ದಿನ ಅಂತ ಕೇಳಿದ್ದೀರಿ. ಅತಿ ಕಷ್ಟದ್ದು ಮೊದಲ 3 ದಿನ, ಅದು ನಿಮಗೆ ದಾಟಿತು. ಮೈಯ ಚಡಪಡಿಕೆ ಹೆಚ್ಚಿನವರಿಗೆ 2ರಿಂದ 4 ವಾರದಲ್ಲಿ ಇಳಿಯುತ್ತದೆ. ಆಮೇಲೂ ಚಟ ಬಂದುಬಂದು ಹೋಗುತ್ತದೆ, ಆದರೆ ಒಂದೊಂದು ಸಲ ಬಂದಾಗ ಇರುವುದು ಕೆಲವೇ ನಿಮಿಷ.

ನಾನು ಡಾಕ್ಟರಾಗಿದ್ದೂ 19 ವರ್ಷ ಸೇದಿದವನು. ಮೂರನೇ ಸಲಕ್ಕೆ ಬಿಟ್ಟೆ. ಆಗ ಜೇಬಿನಲ್ಲಿ ನಾಲ್ಕೈದು ಏಲಕ್ಕಿ ಇಟ್ಟುಕೊಳ್ಳುತ್ತಿದ್ದೆ. ಆಸೆ ಎದ್ದ ಕೂಡಲೇ ಒಂದನ್ನು ತೆಗೆದು ಉಗುರಲ್ಲಿ ಸಿಪ್ಪೆ ಸೀಳುವುದು. ಒಳಗಿನ ತೆಳು ಪೊರೆ ಬಿಡಿಸುವುದು. ಅಂಟಿಕೊಂಡ ಕಪ್ಪು ಬೀಜಗಳನ್ನು ಒಂದೊಂದಾಗಿ ಹಲ್ಲಿಗೆ ಕೊಡುವುದು. ಅವಸರ ಮಾಡಬಾರದು. ಕೈಗೂ ಕೆಲಸ, ಬಾಯಿಗೂ ಕೆಲಸ. ಕೊನೆಯ ಬೀಜ ಕಡಿಯುವ ಹೊತ್ತಿಗೆ ಗಡಿಯಾರ ನೋಡಿದರೆ ನಾಲ್ಕು ನಿಮಿಷ ಆಗಿರುತ್ತಿತ್ತು, ಆಸೆಯೂ ಅರ್ಧಕ್ಕಿಳಿದಿರುತ್ತಿತ್ತು. ಔಷಧಿಯೇನಲ್ಲ ಇದು, ಹೊತ್ತು ಕಳೆಯುವ ಉಪಾಯ ಅಷ್ಟೇ.

ಇನ್ನು ಜಗಲಿ. ಈ ಆಸೆ ಮೈಯಲ್ಲಿರುವಷ್ಟೇ ನೀವು ಕೂರುವ ಜಾಗದಲ್ಲೂ ಇದೆ. ಬೆಳಗಿನ ಕಾಫಿಯನ್ನು ಒಂದು ತಿಂಗಳು ಅಡುಗೆಮನೆಯಲ್ಲಿ ನಿಂತು ಕುಡಿಯಿರಿ, ಲೋಟ ಎಡಗೈಯಲ್ಲಿರಲಿ. ಹೆಂಡತಿಗೆ ಅಡ್ಡ ಬರುತ್ತೀರಿ ನಿಜ, ರೇಗುವುದಕ್ಕಿಂತ ವಾಸಿ ಅಲ್ವಾ?

ಎರಡನೇ ಸಲ ನಾನು ಸೋತದ್ದು ಜಿಗಣೆಯಿಂದ ಅಂದರೆ ನಗಬೇಡಿ. ಭಾಗಮಂಡಲದ ಹತ್ತಿರ ಕೆಲಸದಲ್ಲಿದ್ದೆ. ಜುಲೈ ಮಳೆಯಲ್ಲಿ ಒಬ್ಬ ಅಜ್ಜಿಯನ್ನು ನೋಡಲು ತೋಟದೊಳಗೆ ನಡೆಯಬೇಕಿತ್ತು. ಜೊತೆಗೆ ಬಂದ ಹುಡುಗ ಹೊಗೆಸೊಪ್ಪು, ಉಪ್ಪು ಕಟ್ಟಿದ ಬಟ್ಟೆಗಂಟನ್ನು ನೆನೆಸಿ ನನ್ನ ಕಾಲಿಗೆ ತಿಕ್ಕಿದ. ಆ ಒದ್ದೆ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ವಾಪಸ್ ಬರುವಾಗ ಅಂಗಡಿಯಲ್ಲಿ ಬೀಡಿ ಕಟ್ಟು ಕೊಂಡೆ. ಐದು ತಿಂಗಳು ಮಣ್ಣುಪಾಲು. ತೋಟದಲ್ಲಿ ನಿಮ್ಮ ಹತ್ತಿರವೂ ಅಂಥ ಗಂಟು ಇರುತ್ತದೆ. ಈ ಮಳೆಗಾಲಕ್ಕೆ ಸೊಪ್ಪು ಬಿಟ್ಟು ಬರೀ ಉಪ್ಪು ಕಟ್ಟಿಕೊಳ್ಳಿ, ಹತ್ತಿದ ಜಿಗಣೆ ಅದಕ್ಕೂ ಬಿಡುತ್ತದೆ.

ತಡೆಯಲಾಗದಿದ್ದರೆ ನಿಕೋಟಿನ್ ಗಮ್ ಇದೆ. ಚೂಯಿಂಗ್ ಗಮ್ ಥರ ಜಗಿದು ಬಿಕ್ಕಳಿಕೆ ಬರಿಸಿಕೊಂಡು ಕೈಬಿಡುವವರೇ ಜಾಸ್ತಿ. ಖಾರ ಬರುವವರೆಗೆ ಮೆಲ್ಲಗೆ ಅಗಿಯಿರಿ. ಆಮೇಲೆ ದವಡೆಗೂ ಕೆನ್ನೆಗೂ ನಡುವೆ ಸುಮ್ನೆ ಇಡಿ, ಖಾರ ಇಳಿದರೆ ಮತ್ತೆ ಅಗಿಯಿರಿ. ಅದಕ್ಕೆ ಮೊದಲು 15 ನಿಮಿಷ ಕಾಫಿ ಬೇಡ, ಔಷಧಿ ಹೀರಿಕೊಳ್ಳುವುದಿಲ್ಲ. 2 ಮಿಲಿಗ್ರಾಂ, 4 ಮಿಲಿಗ್ರಾಂ ಅಂತ ಎರಡು ಬಗೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದಿರಾದರೆ ಅದನ್ನು ಡಾಕ್ಟರಿಗೆ ಹೇಳಿ, ಯಾವುದೆಂದು ಅವರು ಬರೆದುಕೊಡುತ್ತಾರೆ. 1800-11-2356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಈ ನಂಬರು ನೀವು ಎಸೆದ ಪ್ಯಾಕಿನ ಮೇಲೇ ಇತ್ತು, ನಾವ್ಯಾರೂ ಓದಿರುವುದಿಲ್ಲ.

ಪ್ರಶ್ನೆ: ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ಬಿಟ್ಟು ಎರಡು ತಿಂಗಳಾಗಿತ್ತು. ಮೊನ್ನೆ ಮದುವೆಯಲ್ಲಿ ಎರಡು ಪೆಗ್ ಆದಮೇಲೆ ಮೂರು ಸಿಗರೇಟು ಸೇದಿದೆ. ಉಳಿದ ಪ್ಯಾಕ್ ಜೀಪಿನಲ್ಲೇ ಇದೆ. ಎಲ್ಲ ಹಾಳಾಯಿತಾ?

ಉತ್ತರ: ಇಲ್ಲ. ಮೂರು ಸಿಗರೇಟು ಎರಡು ತಿಂಗಳನ್ನು ಅಳಿಸುವುದಿಲ್ಲ. ಪೆಗ್ ಒಳಗೆ ಹೋದರೆ ಹಟ ಸಡಿಲವಾಗುತ್ತದೆ, ಸ್ವಲ್ಪ ಕಾಲ ಅದನ್ನೂ ದೂರ ಇಡಿ. ಮದುವೆಮನೆಯಲ್ಲಿ ಸೇದುವವರು ಹೊರಗೆ ಜೀಪುಗಳ ಹತ್ತಿರ ನಿಂತಿರುತ್ತಾರೆ. ನೀವು ಕಡಂಬುಟ್ಟು, ಪಂದಿಕರಿ ಬಡಿಸುವ ಕಡೆ ಇರಿ.

ಆದರೆ ಆ ಪ್ಯಾಕ್ ಇಟ್ಟುಕೊಂಡದ್ದು ಯಾಕೆ? ಈಗಲೇ ಎದ್ದು ಹೋಗಿ. ಮಳೆಗೆ ಹಿಡಿದು ಚೆನ್ನಾಗಿ ನೆನೆಸಿ, ಆಮೇಲೆ ಗೊಬ್ಬರಗುಂಡಿಗೆ ಹಾಕಿ. ಒಣ ಪ್ಯಾಕ್ ಎಸೆದರೆ ರಾತ್ರಿ ಹುಡುಕಿಕೊಂಡು ಹೋಗುತ್ತೇವೆ. ನಾನು ಹೋಗಿದ್ದೆ, ಟಾರ್ಚ್ ಹಿಡಿದುಕೊಂಡು.